ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ

2022ರ ಮಳೆಗಾಲದಲ್ಲಿ, ಹಾಸನದ ಬಸ್ ನಿಲ್ದಾಣದೊಳಗೆ, ಅರಕಲಗೂಡಿನ ಬಸ್ಸಿನ ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ಎರಡು ಕೈಗಳಿಂದಲೂ ಕಂಬಿ ಹಿಡಿದು, ಒಂದೊಂದೇ ಕಾಲನ್ನು ತಡವುತ್ತ ಇಳಿಯುತ್ತಿದ್ದ ನಿವೃತ್ತ ಹವಾಲ್ದಾರರೊಬ್ಬರನ್ನು ಕಂಡಂದಿನಿಂದ, ಸೈನಿಕನ ವೈಕಲ್ಯವನ್ನು ಶೇಕಡಾವಾರಿನಲ್ಲಿ ಅಳೆಯುವ ಪದ್ಧತಿಯ ಮೇಲೆ ನನಗಿದ್ದ ಗೌರವ ಬಹುಮಟ್ಟಿಗೆ ಕುಂದಿದೆ. ಹೊಳೆನರಸೀಪುರದ ಕಡೆಯೂ ಇಂತಹ ಸವೆದ ಮಂಡಿಗಳಿವೆ. ಚನ್ನರಾಯಪಟ್ಟಣದ ತೆಂಗಿನ ತೋಟವೊಂದರಲ್ಲಿ, ಕುಕ್ಕರುಗಾಲಲ್ಲಿ ಕೂರಲಾರದೆ ಕುರ್ಚಿ ಹಾಕಿಸಿಕೊಂಡು ಕಾಯಿ ಎಣಿಸುವ ಮಾಜಿ ಯೋಧರನ್ನೂ ಬಲ್ಲೆ.

ಬಿಡುಗಡೆಯ ಹೊತ್ತಿಗೆ ಕೂಡುವ ವೈದ್ಯಕೀಯ ಮಂಡಳಿಯು (ಜವಾನರ ಬಾಯಲ್ಲಿ ಬರಿಯ ‘ಬೋರ್ಡು’) ವೈಕಲ್ಯವೆಷ್ಟು, ಅದು ಸೇವೆಯಿಂದ ಉಂಟಾದುದೋ ಉಲ್ಬಣಿಸಿದುದೋ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೊದಲನೆಯದರ ಗಣಿತವೇ ವಿಚಿತ್ರ. ಅವಧಿ ಮುಗಿಸಿ ನಿವೃತ್ತನಾದವನಿಗೆ ಶೇಕಡಾ 20 ಮುಟ್ಟದಿದ್ದರೆ ಏನೂ ಇಲ್ಲ. ಮುಟ್ಟಿತೋ, ರಾಮ್ ಅವತಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಕ್ರಮದಂತೆ, ಅದೇ 20 ಎಂಬುದು 50 ಎಂದು ಪರಿಗಣಿತವಾಗಿ, ಕೊನೆಯ ವೇತನದ ಶೇಕಡಾ 15ರಷ್ಟು ಹಣ ಪಿಂಚಣಿಯೊಡನೆ ಸೇರುತ್ತದೆ. ಹವಾಲ್ದಾರರ ಕಾಗದದಲ್ಲಿದ್ದುದು ‘15ರಿಂದ 19’. ಮೂಳೆಯ ಸವೆತವನ್ನು ಇಷ್ಟು ನಯವಾಗಿ ತೂಗಬಲ್ಲ ತಕ್ಕಡಿ ಯಾವ ವೈದ್ಯಶಾಸ್ತ್ರದಲ್ಲಿದೆಯೋ ನಾನರಿಯೆ.

ಎರಡನೆಯದಕ್ಕೆ ಉತ್ತರ ಒಂದೇ ಸಾಲು: ಶಾಂತಿಯ ನೆಲೆಯಲ್ಲಿ ಕಾಣಿಸಿಕೊಂಡ ವಯೋಸಹಜ ರೋಗ, ಸೇವೆಗೆ ಸಂಬಂಧವಿಲ್ಲ. 18ರಲ್ಲಿ ನಿರ್ದುಷ್ಟವಾದ ಕಾಲುಗಳೊಡನೆ ಭರ್ತಿಯಾಗಿ, ಹೊರೆ ಹೊತ್ತು ಬೆಟ್ಟ ಹತ್ತಿಳಿದವನಿಗೆ 42ರಲ್ಲೇ ಅದೆಂತಹ ವಯಸ್ಸು ಬಂದಿತೆಂದು ಆ ಸಾಲು ಕೇಳಿಕೊಳ್ಳಲೇ ಇಲ್ಲ. ಭರ್ತಿಯ ಸಮಯದಲ್ಲಿ ದಾಖಲಾಗದ ರೋಗವನ್ನು ಸೇವೆಯ ಫಲವೆಂದೇ ಭಾವಿಸತಕ್ಕದ್ದು, ಅಲ್ಲವೆನ್ನುವ ಮಂಡಳಿ ಕಾರಣ ಬರೆಯತಕ್ಕದ್ದು ಎಂದು ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳಿತ್ತು. ಅಲ್ಲಿಯ ರೋಗ ಅಪಸ್ಮಾರ. ತತ್ತ್ವ ಕೀಲಿಗೂ ಅದೇ. (ವೈಕಲ್ಯ ಪಿಂಚಣಿಗೆ 2023ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಾವಳಿಗೆ ಒಳಪಟ್ಟವರ ಮಾತು ಬೇರೆ.)

ಇನ್ನು ಮೇಲ್ಮನವಿ. ಮೊದಲ ಎರಡು ಮೆಟ್ಟಿಲು ಇಲಾಖೆಯ ಸಮಿತಿಗಳೇ. ಆಮೇಲೆ 2007ರ ಅಧಿನಿಯಮದಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ, ಅದರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ್ದು ಕೊಚ್ಚಿಯ ಪೀಠ. ಈ ಏರ್ಪಾಡನ್ನು ನಿಷ್ಪ್ರಯೋಜಕವೆನ್ನಲಾರೆ, ಅಲ್ಲಿ ಗೆದ್ದವರುಂಟು. ಆದರೆ ಬೋರ್ಡು ಮೊದಲ ದಿನವೇ ಬರೆಯಬೇಕಿದ್ದ ಕಾರಣವೊಂದನ್ನು ಕೇಳಿ ಪಡೆಯಲು, ಮೆಟ್ಟಿಲಿಳಿಯಲಾರದವನು ಇಷ್ಟು ಮೆಟ್ಟಿಲು ಹತ್ತಬೇಕಾದುದು ಪದ್ಧತಿಯ ಮೂಲದೋಷವೇ ಸರಿ.

ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವು. ಹವಾಲ್ದಾರರಿಗೆ ಕಾಗದ ಬಂದು ಆಗಲೇ ಐದು ತಿಂಗಳಾಗಿತ್ತು. ಅದರ ಇಂಗ್ಲಿಷನ್ನು ಯಾರಿಂದಲಾದರೂ ಬಿಡಿಸಿ ಓದಿಸಿಕೊಳ್ಳಬೇಕೆಂದೇ ಅವರು ಆ ದಿನ ಹಾಸನಕ್ಕೆ ಬಂದಿದ್ದರು.