ಹುರಿಹಿಟ್ಟು ಮತ್ತು ಜಾಹೀರಾತಿನ ಮೌನ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ನೆರೆಯ ತಾಳವಾಡಿ ಬೆಟ್ಟಪ್ರದೇಶ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಇಂದು ಈರೋಡ್ ಜಿಲ್ಲೆಗೆ ಸೇರಿದ ಈ ಸೀಮೆಯ ಕನ್ನಡದ ಬಗೆಗಿನ ಚರ್ಚೆಯು ಶಾಲೆ, ಪಠ್ಯಪುಸ್ತಕ ಹಾಗೂ 2006ರ ತಮಿಳು ಕಲಿಕಾ ಕಾಯ್ದೆಯ ಸುತ್ತ ನಡೆಯುವುದು ಸಹಜ. ಆದರೆ ಮಗುವಿನ ಮೊದಲ ಪಾಠಶಾಲೆ ಅಡುಗೆಮನೆ. ಮುದ್ದೆ, ಅಂಬಲಿ, ಹುರಿಹಿಟ್ಟು ಎಂಬ ಮಾತುಗಳು ರುಚಿಯೊಡನೆಯೇ ನಾಲಿಗೆಗೆ ಬರುತ್ತವೆ. ಜಾಹೀರಾತು ಇಂದು ತಲುಪಿರುವುದು ಈ ಅಡುಗೆಮನೆಯನ್ನು.

ಹಾಲಿಗೆ ಬೆರೆಸುವ ಪುಡಿಗಳ ಟಿವಿ ಜಾಹೀರಾತನ್ನು ಪಠ್ಯವೆಂದು ಓದಿದರೆ ಅದರ ಕಥನಸೂತ್ರ ಸರಳವಾದುದು: ಹಿಂದುಳಿದ ಮಗು, ಆತಂಕಗೊಂಡ ತಾಯಿ, ಒಂದು ಲೋಟ, ಕೊನೆಗೆ ಗೆಲುವು. ಹುರಿಹಿಟ್ಟೂ ಪುಡಿಯೇ. ರಾಗಿಯನ್ನು ಅರಳಿಸಿ, ಬೀಸಿ, ಬೆಲ್ಲ ಮತ್ತು ಹಾಲಿನೊಡನೆ ಕಲಸಿ ಮಕ್ಕಳಿಗೆ ಕೊಡುವ ತಿನಿಸು ಅದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಎಲುಬಿನ ಬೆಳವಣಿಗೆಯ ಹೆಸರಿನಲ್ಲಿ ಹೇಳುವ ಈ ಕಥೆಯಲ್ಲಿ ಮಾತ್ರ ರಾಗಿಗೆ ಸ್ಥಾನವಿಲ್ಲ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಅಪಾಯವನ್ನು ಗುರುತಿಸಿದೆ. ಮಕ್ಕಳು ಸೇವಿಸುತ್ತಿರುವ ಸಹಜ ಅಥವಾ ಸಾಂಪ್ರದಾಯಿಕ ಆಹಾರಕ್ಕಿಂತ ತನ್ನ ವಸ್ತು ಮೇಲೆಂಬ ಭಾವನೆಯನ್ನು ಜಾಹೀರಾತು ಮೂಡಿಸಕೂಡದೆಂದು ಅದು ಹೇಳುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂತಹ ಪಾನೀಯಗಳನ್ನು ‘ಆರೋಗ್ಯ ಪಾನೀಯ’ಗಳ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಇವು ಸ್ವಾಗತಾರ್ಹ ಕ್ರಮಗಳು. ಆದರೂ ಕಾನೂನಿಗೆ ಸುಲಭವಾಗಿ ಸಿಕ್ಕುವುದು ಆಡಿದ ಮಾತು. ರಾಗಿ ಕೀಳೆಂದು ಯಾವ ಜಾಹೀರಾತೂ ಹೇಳಬೇಕಾಗಿಲ್ಲ. ಗೆಲ್ಲುವ ಮಗುವಿನ ಮೇಜಿನ ಮೇಲೆ ಅದು ಎಂದೂ ಕಾಣದಿದ್ದರೆ ಸಾಕು. ಉಳಿದ ತೀರ್ಮಾನವನ್ನು ನೋಡುವ ಮಗುವೇ ಮಾಡಿಕೊಳ್ಳುತ್ತದೆ.

ಬಹುಸಂಖ್ಯಾತರ ಭಾಷೆಯಲ್ಲಿ ಅಡುಗೆಮನೆಯಿಂದ ಜಾರಿದ ಪದಕ್ಕೆ ಪತ್ರಿಕೆ, ಸಿನಿಮಾ, ಕಚೇರಿಗಳ ಆಸರೆಯಾದರೂ ಉಂಟು. ಗಡಿಸೀಮೆಯ ಕನ್ನಡಕ್ಕೆ ಆ ಆಸರೆ ತೆಳುವಾದುದು. ತಿನಿಸು ತಟ್ಟೆಯಿಂದ ಹೋದರೆ ಅದರೊಡನೆ ಅರಳಿಸುವ, ಬೀಸುವ, ಜರಡಿ ಹಿಡಿಯುವ ಕ್ರಿಯಾಪದಗಳೂ ಹೋಗುತ್ತವೆ. ತಾಳವಾಡಿಯ ಕನ್ನಡ ತರಗತಿಗಳಲ್ಲಿ ಪದ್ಯದ ಜೊತೆಗೆ ಜಾಹೀರಾತನ್ನೂ ಓದಿಸಬೇಕಾದ ಅಗತ್ಯ ಇರುವುದು ಇದಕ್ಕಾಗಿಯೇ. ಈ ಕಥೆಯಲ್ಲಿ ಯಾರಿದ್ದಾರೆ, ಯಾರಿಲ್ಲ, ನಮ್ಮ ಮನೆಯ ಊಟ ಎಲ್ಲಿದೆ ಎಂದು ಕೇಳಲು ಕಲಿತ ಮಗುವಿಗೆ ಆ ಪ್ರಶ್ನೆಯೇ ಕಾಪು.