ಒಣಬಾಯಿಗೆ ಒಂದು ತೂಬು

ನಮ್ಮ ಅತ್ತಿಗೆ ಜೋಳದ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ಉಣ್ಣುತ್ತಾರೆ. ಒಣ ಅವಲಕ್ಕಿ ಅಂಗುಳಕ್ಕೆ ಅಂಟಿ, ಬೆರಳು ಹಾಕಿ ಬಿಡಿಸಿಕೊಂಡ ದಿನದಿಂದ ಅದನ್ನು ಮುಟ್ಟಿಲ್ಲ. ಕೋಪರಖೈರಣೆಯಲ್ಲಿ ಠಾಣೆ ಲೋಕಲ್ ಹತ್ತಿದರೆ ಐರೋಲಿ ಬರುವಷ್ಟರಲ್ಲಿ ನೀರಿನ ಬಾಟಲಿ ಅರ್ಧ ಖಾಲಿ. ಶೋಗ್ರೆನ್ ಕಾಯಿಲೆ ಅದು: ಮೈ ಕಾಯಬೇಕಾದ ಪಡೆಯೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. "ಜೀನ್ ಥೆರಪಿ ಬಂದದಂತಲ್ಲ?" ಎಂದು ಮೊನ್ನೆ ಕೇಳಿದರು.

ಬಂದಿದೆ, ಆದರೆ ಮೊದಲು ಬೇರೆಯವರಿಗೆ. ಅಮೆರಿಕದಲ್ಲಿ ಬ್ರೂಸ್ ಬಾಮ್ ತಂಡ ಪ್ರಯೋಗಿಸಿದ್ದು ಕ್ಯಾನ್ಸರಿನ ವಿಕಿರಣದಿಂದ ಬಾಯಿ ಒಣಗಿದವರ ಮೇಲೆ. ವಿಧಾನ ಮಾತ್ರ ಬಲು ಜಾಣತನದ್ದು. ಮೇಲ್ದವಡೆಯ ಎರಡನೇ ಕಡೆಹಲ್ಲಿನ ಎದುರು, ಕೆನ್ನೆಯ ಒಳಗೆ, ಜೊಲ್ಲು ಇಳಿಯುವ ಸಣ್ಣ ರಂಧ್ರವಿದೆ. ಕೊಯ್ಯದೆ, ಚುಚ್ಚದೆ, ಅಲ್ಲಿಂದಲೇ ವೈರಸ್ಸನ್ನು ಒಂದು ಗ್ರಂಥಿಗೆ ಹರಿಸಿದರು. ಅದು ಹೊತ್ತೊಯ್ದದ್ದು ಅಕ್ವಾಪೋರಿನ್-1ರ ಜೀನ್, ಅಂದರೆ ಜೀವಕೋಶದ ಪೊರೆಗೆ ನೀರಿನ ತೂಬು. ಜೊಲ್ಲು ಸುರಿಸುವ ಕೋಶಗಳು ಸತ್ತಿದ್ದರೂ ನಾಳದ ಕೋಶಗಳು ಉಳಿದಿದ್ದವು. ಅವುಗಳಿಂದಲೇ ನೀರು ತೆಗೆಸುವ ಉಪಾಯ.

2012ರಲ್ಲಿ ಫಲಿತಾಂಶ ಬಂತು. ಹನ್ನೊಂದು ಮಂದಿಯಲ್ಲಿ ಆರು ಜನರಿಗೆ ಜೊಲ್ಲು ಹೆಚ್ಚಿತು. ಬಾಯಿ ಹಸಿಯಾಯಿತು ಎಂದವರು ಐವರು. ನನ್ನನ್ನು ತಡೆದು ನಿಲ್ಲಿಸಿದ್ದು ಈ ಲೆಕ್ಕವಲ್ಲ. ಫಲ ಕಂಡ ಆರೂ ಮಂದಿ ಕಡಿಮೆ ಡೋಸಿನವರು. ಡೋಸ್ ಏರಿಸಿದಲ್ಲಿ ಏನೂ ಆಗಲಿಲ್ಲ. ವೈರಸ್ ಹೆಚ್ಚಾದಷ್ಟೂ ಕಾವಲು ಪಡೆ ಕೆರಳುತ್ತದೆ. ಶೋಗ್ರೆನ್‌ನಲ್ಲಿ ಆ ಪಡೆ ಮೊದಲೇ ಕೆರಳಿ ಕೂತಿದೆ, ಅದೂ ಇದೇ ಗ್ರಂಥಿಯೊಳಗೆ. ಅಲ್ಲಿಗೇ ಮತ್ತೊಬ್ಬ ಅಪರಿಚಿತನನ್ನು ಕಳಿಸುವುದೇ? ಈಚಿನ ಪ್ರಯೋಗಗಳು ಅಷ್ಟಾಗಿ ಕೆರಳಿಸದ, ಎಎವಿ ಎಂಬ ಬೇರೊಂದು ವೈರಸ್ ಬಳಸುತ್ತಿವೆ, ನಿಜ. ಇಲಿಗಳಲ್ಲಿ ಉರಿಯೂತವೂ ತಗ್ಗಿತು ಎನ್ನುತ್ತಾರೆ. ಇಲಿಗಳು ಎಷ್ಟು ಬೇಗ ಗುಣವಾಗುತ್ತವೋ!

ಕಾವಲು ಪಡೆಯ ಈ ಜಗಳದ ಮೂಲಕ್ಕೇ ಕೈಹಾಕುವ ದಾರಿ ನಮ್ಮ ನವಿ ಮುಂಬೈಯಲ್ಲೇ ಇದೆ. ಖಾರ್‌ಘರ್‌ನ ಆಕ್ಟ್ರೆಕ್ ಕ್ಯಾನ್ಸರ್ ಕೇಂದ್ರದಲ್ಲಿ 2021ರಲ್ಲಿ ಐಐಟಿ ಬಾಂಬೆಯ ಕಾರ್-ಟಿ ಕೋಶಗಳನ್ನು, ಅಂದರೆ ಜೀನ್ ತಿದ್ದಿದ ಕಾವಲು ಕೋಶಗಳನ್ನು, ರೋಗಿಗೆ ಕೊಟ್ಟರು. 2023ರಲ್ಲಿ ರಕ್ತದ ಕ್ಯಾನ್ಸರಿಗೆ ನೆಕ್ಸ್‌ಕಾರ್19 ಎಂದು ಅನುಮತಿ ಸಿಕ್ಕಿತು. ಅದು ಹುಡುಕಿ ಕೊಲ್ಲುವುದು ಕಾವಲು ಪಡೆಯದೇ ಬಿ ಕೋಶಗಳನ್ನು; ಶೋಗ್ರೆನ್‌ನಲ್ಲೂ ಕಿತಾಪತಿ ಮಾಡುವವರಲ್ಲಿ ಅವೇ ಮುಂದು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಇದೇ ಬಗೆಯ ಚಿಕಿತ್ಸೆಯಿಂದ, ಶೋಗ್ರೆನ್ ಜಾತಿಯದೇ ಕಾಯಿಲೆಯಾದ ಲೂಪಸ್‌ನ ಐವರು ರೋಗಿಗಳೂ ಸುಧಾರಿಸಿದ್ದು 2022ರ ಸುದ್ದಿ. ತರ್ಕಕ್ಕೆ ಈ ದಾರಿಯೇ ಸರಿ. ಆದರೆ ಮೊದಲು ಕೀಮೋ, ಆಮೇಲೆ ಹತ್ತಾರು ಲಕ್ಷ ರೂಪಾಯಿ! ಬಾಯಿ ಒಣಗುವುದಷ್ಟೇ ಇರುವವರಿಗೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಅತ್ತಿಗೆಗೆ ಇದನ್ನೆಲ್ಲ ವಿವರಿಸಿದೆ. ಕೇಳಿಸಿಕೊಂಡು, ಒಂದು ಗುಟುಕು ನೀರು ಕುಡಿದು ಅಂದರು: "ಬಾಯಿ ಹಸಿ ಆತು ಅಂದ ಆ ಐದು ಮಂದಿ ರೊಟ್ಟಿ ಒಣದೇ ತಿಂದ್ರೇನು?"