ಹಳೆ ಮದ್ದು, ಹೊಸ ಗುರಿ

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ ರೋಗಾಣುಗಳ ಪ್ರೋಟೀನ್ ಓದುವ ಕೆಲಸವೂ ನಡೆದಿದೆ. ಅಖಿಲೇಶ್ ಪಾಂಡೆ 2002ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನವರು, ಕಾಲಾ ಅಜಾರ್ ಕಾಯಿಲೆ ತರುವ ರೋಗಾಣು ಲೀಶ್ಮೇನಿಯಾ ಡೊನೊವಾನಿಯ ಪ್ರೋಟೀನ್‌ಗಳನ್ನು ಮೊದಲು ಅದರ ಸೋದರ ಪ್ರಭೇದಗಳ ಜೀನೋಮ್ ನೆರವಿನಿಂದ ಗುರುತಿಸಿದ್ದರು. ಅದರದೇ ಜೀನೋಮ್ ಸಿಕ್ಕಮೇಲೆ ಆ ದತ್ತಾಂಶವನ್ನು ಮತ್ತೆ ಜಾಲಾಡಿ 2014ರಲ್ಲಿ ಪ್ರಕಟಿಸಿದರು. ಹಳೆ ಮದ್ದಿಗೆ ಹೊಸ ಕಾಯಿಲೆ ಹುಡುಕುವ ಕಂಪ್ಯೂಟರ್ ವಿದ್ಯೆ ನಿಂತಿರುವುದು ಇಂಥ ತಾಳ್ಮೆಯ ಮೇಲೆ. ರೋಗಾಣು ಯಾವ ಪ್ರೋಟೀನ್ ತಯಾರಿಸುತ್ತದೆಂದೇ ತಿಳಿಯದಿದ್ದರೆ ಮದ್ದು ಎಲ್ಲಿ ಕೂರಬೇಕು?

ಪ್ರೋಟೀನಿನ ಪೊಟರೆಯ ಆಕಾರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಮಾರುಕಟ್ಟೆಯಲ್ಲಿರುವ ಮದ್ದುಗಳ ಅಣುಗಳನ್ನು ಒಂದೊಂದಾಗಿ ಅದರಲ್ಲಿ ಕೂರಿಸಿ ಅಂಕ ಕೊಡುವುದೇ ಡಾಕಿಂಗ್. ಬಡವರ ಕಾಯಿಲೆಗೆ ಹೊಸ ಔಷಧಿ ಮಾಡಲು ಹಣ ಹಾಕುವವರು ಕಡಿಮೆ. ಹಾಗಾಗಿ ಈ ದಾರಿ ಬೇಕೇ ಬೇಕು. ಆದರೆ ಅಂಕ ಬಂದಲ್ಲಿಗೆ ಕೆಲಸ ಮುಗಿಯಿತೆನ್ನುವ ಪ್ರಬಂಧಗಳನ್ನು ನಾನು ಒಪ್ಪಲಾರೆ. ಯಾಕೆಂದು ತಿಳಿಯಲು ನಮ್ಮ ಬೆಂಗಳೂರಿನದೇ ಟ್ರೈಕ್ಲೋಸಾನ್ ಪ್ರಕರಣ ನೋಡಬೇಕು.

ಸೋಪು, ಟೂತ್‌ಪೇಸ್ಟ್‌ಗಳಲ್ಲಿ ಬಳಸುತ್ತಿದ್ದ ಈ ರಾಸಾಯನಿಕ ಮಲೇರಿಯಾ ರೋಗಾಣುವನ್ನು ಕೊಲ್ಲುತ್ತದೆಂದು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರಲ್ಲಿ ತೋರಿಸಿದರು. ಅದು ಕೊಬ್ಬಿನಾಮ್ಲ ತಯಾರಿಸುವ ಒಂದು ಕಿಣ್ವಕ್ಕೆ ಪೆಟ್ಟು ಕೊಡುತ್ತದೆ ಎಂದರು. 2008ರಲ್ಲಿ ಬೇರೆ ಪ್ರಯೋಗಾಲಯದವರು ಆ ಕಿಣ್ವದ ಜೀನನ್ನೇ ತೆಗೆದುಹಾಕಿದರು. ರೋಗಾಣು ರಕ್ತದಲ್ಲಿ ಆರಾಮಾಗಿ ಬೆಳೆಯಿತು, ಮುಗ್ಗರಿಸಿದ್ದು ಯಕೃತ್ತಿನ ಹಂತದಲ್ಲಿ. ಅಂದರೆ, ಪೊಟರೆಗೆ ಮದ್ದು ಚೆನ್ನಾಗಿ ಕೂತರೂ ರಕ್ತದಲ್ಲಿನ ರೋಗಾಣುವಿನ ಪ್ರಾಣ ಆ ಪೊಟರೆಯಲ್ಲಿರಲಿಲ್ಲ. ಇದನ್ನು ಯಾವ ಡಾಕಿಂಗ್ ಅಂಕವೂ ಹೇಳಲಾರದು.

2018ರಲ್ಲಿ ಬ್ರಿಟನ್ನಿನ 'ಈವ್' ಎಂಬ ರೋಬಾಟ್ ವಿಜ್ಞಾನಿಯ ನೆರವಿನಿಂದ ಟ್ರೈಕ್ಲೋಸಾನ್‌ಗೆ ಇನ್ನೊಂದು ಗುರಿ ಸಿಕ್ಕಿತು: ಡಿಎಚ್‌ಎಫ್‌ಆರ್. ಪೈರಿಮೆಥಮೈನ್ ಎಂಬ ಹಳೆ ಮಲೇರಿಯಾ ಮದ್ದಿನ ಗುರಿಯೂ ಇದೇ ಕಿಣ್ವ. ಆ ಮದ್ದಿಗೆ ಬಗ್ಗದ ಕಿಣ್ವದ ರೂಪದ ಮೇಲೂ ಟ್ರೈಕ್ಲೋಸಾನ್ ಕೆಲಸ ಮಾಡಿತು. ಈವ್ ನನಗೆ ಮೆಚ್ಚುಗೆಯಾಗಿದ್ದು ಅದು ಲೆಕ್ಕದಲ್ಲಿ ನಿಲ್ಲದ ಕಾರಣಕ್ಕೆ. ಯೀಸ್ಟ್ ಕೋಶಗಳ ಮೇಲೆ ತಾನೇ ಪ್ರಯೋಗ ಮಾಡುತ್ತದೆ, ಬಂದ ಉತ್ತರ ನೋಡಿ ಮುಂದಿನದನ್ನು ಆರಿಸುತ್ತದೆ.

ಹಾಗೆಂದು ಟ್ರೈಕ್ಲೋಸಾನ್ ಮಾತ್ರೆಯಾಗಿಬಿಡುವುದಿಲ್ಲ. ಕೈ ತೊಳೆಯುವ ಸೋಪುಗಳಲ್ಲೇ ಅದು ಬೇಡವೆಂದು ಅಮೆರಿಕದ ಎಫ್‌ಡಿಎ 2016ರಲ್ಲಿ ತೀರ್ಮಾನಿಸಿತು. ಬಳಕೆಯಲ್ಲಿದೆ ಎಂದಮಾತ್ರಕ್ಕೆ ನುಂಗಲು ಸುರಕ್ಷಿತ ಎಂದಾಗದು. ರೋಗಾಣು ಸಾಯಲು ಮದ್ದು ಎಷ್ಟು ಬೇಕು, ಅಪಾಯವಿಲ್ಲದೆ ರಕ್ತದಲ್ಲಿ ಎಷ್ಟು ನಿಲ್ಲುತ್ತದೆ ಎಂಬ ಎರಡು ಅಂಕಿಗಳನ್ನು ಡಾಕಿಂಗ್ ಅಂಕದ ಪಕ್ಕದಲ್ಲೇ ಕೇಳಿ ಪಡೆಯದೆ ಸಂಪಾದಕರು ಇಂಥ ಲೇಖನಗಳನ್ನು ಅಚ್ಚಿಗೆ ಕಳಿಸಬಾರದು.